ಕೆಂಪಿಯ ಬಲಗಣ್ಣು

ಕುರಿತಲೆ ಸುಡುವ ಕಡೆ ನಾನು ನಿಲ್ಲುವುದಿಲ್ಲ. ಭದ್ರಾವತಿಯ ಸಂತೆ ಬೀದಿಯಲ್ಲಿ ಭಾನುವಾರ ಬೆಳಗ್ಗೆ ಮಾಂಸದಂಗಡಿಯವರು ಕೆಂಡದ ಮೇಲೆ ತಲೆ, ಕಾಲು ಇಟ್ಟು ಕೂದಲು ಸುಡುತ್ತಾರೆ. ಕೊಳ್ಳುವವರು ಪಕ್ಕದಲ್ಲೇ ನಿಂತು ಹರಟೆ ಹೊಡೆಯುತ್ತಾರೆ. ಹೋದ ಭಾನುವಾರ ತಂಗಿ ಮನೆಗೆ ಹೋಗುವಾಗ ಆ ಹೊಗೆಯೊಳಗೆ ಸಿಕ್ಕಿಕೊಂಡೆ. ಮೊದಲು ಕೂದಲಿನ ವಾಸನೆ, ಅದರ ಹಿಂದೆ ಚರ್ಮದ್ದು. ಐದು ವರ್ಷದ ಹಿಂದೆ ಇದೇ ವಾಸನೆ ನಮ್ಮ ಹಿತ್ತಿಲಲ್ಲಿ ಎದ್ದಿತ್ತು. ಸುಡುತ್ತಿದ್ದದ್ದು ಕುದುರೆ. ಅದರ ಮುಖ ಹಿಡಿದುಕೊಂಡಿದ್ದವನು ನಾನು.

ಆಗ ಯುದ್ಧ ನಡೆಯುತ್ತಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ಹೀಗಾಗಿ ಶಿವಮೊಗ್ಗದಲ್ಲಿ ಜಟಕಾ ಓಡಿಸುವವರಿಗೆ ಪುರುಸೊತ್ತಿರಲಿಲ್ಲ. ನನಗೆ ಇಪ್ಪತ್ತು ವರ್ಷ. ಅಪ್ಪ ಇರಲಿಲ್ಲ. ಮನೆಯಲ್ಲಿ ಅಮ್ಮ, ತಂಗಿ ಜಯ, ನಾನು. ಹೊಳೆ ಕಡೆ ಇಳಿಯುವ ಬೀದಿಯಲ್ಲಿ ಮನೆ, ಹಿಂದೆ ತೆಂಗಿನ ಗರಿ ಹೊದಿಸಿದ ಲಾಯ. ಲಾಯದಲ್ಲಿ ಕೆಂಪಿ.

ಕೆಂಪಿ ನನಗೆ ಸಿಕ್ಕಿದ್ದೇ ಅದರ ಸುಳಿಯಿಂದ. ಬಾಷಾ ಸಾಬ್ರು ಅಂತ ಕುದುರೆಗಳಿಗೆ ಲಾಳ ಕಟ್ಟುವವರು, ನಮ್ಮ ಅಪ್ಪನ ಸ್ನೇಹಿತರು. ಅದನ್ನು ತೋರಿಸಿದವರು ಅವರೇ. ಬಲಗಣ್ಣಿನ ಕೆಳಗೆ, ಮೂರು ಬೆರಳು ಇಳಿದರೆ, ಕೂದಲು ನೀರಿನ ಸುಳಿಯ ಹಾಗೆ ಗುಂಡಗೆ ತಿರುಗಿತ್ತು.

"ಇದು ಕಣ್ಣೀರು ಸುಳಿ," ಅಂದರು. "ಇದಿರೋ ಕುದುರೆ ಕಟ್ಟಿದ ಮನೇಲಿ ಹೆಂಗಸ್ರು ಅಳ್ತಾರೆ ಅಂತಾರೆ. ನಮ್ಮೋರೂ ತಗೊಳ್ಳಲ್ಲ, ನಿಮ್ಮೋರೂ ತಗೊಳ್ಳಲ್ಲ. ಅದಕ್ಕೇ ಇಷ್ಟು ಸಸ್ತಾ. ಕಾಲು ನೋಡು, ಎದೆ ನೋಡು. ಎಲ್ಲಾ ಪಸಂದಾಗಿದೆ."

"ನೀವು ನಂಬ್ತೀರಾ ಸಾಬ್ರೆ?"

"ನಾನು ಕಾಲು ನೋಡೋನು ಬೇಟಾ. ಮುಖ ನೋಡಲ್ಲ."

ನಾನೂ ನಂಬಲಿಲ್ಲ. ಈಗಲೂ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಂಬಿ ಮಾಡಿದ್ದರೆ ಅದಕ್ಕೊಂದು ನ್ಯಾಯವಾದರೂ ಇರುತ್ತಿತ್ತು.

ಎರಡು ವರ್ಷ ಚೆನ್ನಾಗಿ ನಡೆಯಿತು. ಬೆಳಗಿನ ಜಾವ ಹೊಳೆಗೆ ಕರೆದುಕೊಂಡು ಹೋದರೆ ಹೊಟ್ಟೆ ಮುಳುಗುವ ತನಕ ಇಳಿದು, ಮೂಗಿನಿಂದ ನೀರು ಊದುತ್ತಾ ನಿಲ್ಲುತ್ತಿತ್ತು. ಎಳೆದರೂ ಬರುತ್ತಿರಲಿಲ್ಲ. ನಾನು ದಡ ಹತ್ತಿ ಬೆನ್ನು ತಿರುಗಿಸಿ ನಡೆದರೆ ಮಾತ್ರ ದಡಬಡ ಎದ್ದು ಹಿಂದೆಯೇ ಬರುತ್ತಿತ್ತು. ರೈಲಿನ ಕೂಗು ಕೇಳಿದರೆ ಸಾಕು, ನಾನು ಹೇಳುವ ಮೊದಲೇ ಸ್ಟೇಷನ್ ಕಡೆ ತಿರುಗುತ್ತಿತ್ತು. ಬೀದಿಯ ಬೆಕ್ಕೊಂದು ಚಳಿಗಾಲದಲ್ಲಿ ಅದರ ಬೆನ್ನಿನ ಮೇಲೆ ಮಲಗುವುದು ಕಲಿತಿತ್ತು. ಬೆಕ್ಕು ಇರುವ ತನಕ ಕೆಂಪಿ ಕಾಲು ಕೂಡ ಬದಲಿಸುತ್ತಿರಲಿಲ್ಲ.

ಖರ್ಚು, ಕೆಲಸ ಇದ್ದೇ ಇತ್ತು. ನವುಲೆ ಕಡೆಯಿಂದ ಹುಲ್ಲು ತರಬೇಕು, ಹುರುಳಿ ಬೇಯಿಸಬೇಕು, ಮಳೆಗಾಲದಲ್ಲಿ ಗೊರಸು ಕೊಳೆಯದ ಹಾಗೆ ದಿನಾ ಕೆರೆದು ಒಣಗಿಸಬೇಕು. ಹುರುಳಿ ಬೇಯಿಸುವುದು ಜಯನ ಕೆಲಸ. ನಾನು ಕುದುರೆಗೆ 'ಅದು' ಅನ್ನುತ್ತೇನೆ, ಅವಳು 'ಇವಳು' ಅನ್ನುತ್ತಿದ್ದಳು. ಕೆಂಪಿ ಅಂತ ಹೆಸರಿಟ್ಟವಳೂ ಅವಳೇ. ಅವಳು ಮುಡಿದ ಹೂವನ್ನು ಹಿಂದಿನಿಂದ ಬಂದು ತಿನ್ನುವುದು ಕುದುರೆಗೆ ಅಭ್ಯಾಸ. ಜಯ ಬೇಕೆಂದೇ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು.

"ಹೂ ತರೋದು ನಿನಗಾ, ಕುದುರೆಗಾ?" ಅಂತ ಅಮ್ಮ ಬೈದರೆ, "ಇಬ್ಬರಿಗೂ ಸೇರಿ ಒಂದು ಮೊಳ ಸಾಕಾಗಲ್ಲ, ಎರಡು ತಗೋ," ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಜಯನಿಗೆ ಭದ್ರಾವತಿಯಿಂದ ಸಂಬಂಧ ಬಂತು. ಹುಡುಗ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಅಪ್ಪ ರಂಗಪ್ಪನವರೂ ಅಲ್ಲೇ ಕೆಲಸ ಮಾಡುತ್ತಿದ್ದರು. ಅದಕ್ಕೂ ಮೊದಲು, ವಯಸ್ಸಿನಲ್ಲಿ, ದಂಡಿನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರಂತೆ. ಸುದ್ದಿ ತಂದವನು ನಮ್ಮ ಸೋದರಮಾವ. ತಂದವನೇ ಲಾಯದ ಬಾಗಿಲಲ್ಲಿ ನಿಂತು ಕೆಂಪಿಯ ಮುಖ ನೋಡಿದ.

"ಇದನ್ನ ಮಾರಿಬಿಡು."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲೋ. ಆ ಮನುಷ್ಯ ಕುದುರೆ ಬಲ್ಲೋನು. ಕಣ್ಣೀರು ಸುಳಿ ಇರೋ ಮನೆಯಿಂದ ಯಾರಾದ್ರೂ ಹೆಣ್ಣು ತರ್ತಾರಾ? ನೋಡಿದ ತಕ್ಷಣ ಎದ್ದು ಹೋಗ್ತಾನೆ."

ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮಾವ ಅದನ್ನೂ ಬೆರಳು ಮಾಡಿ ತೋರಿಸಿದ. "ನೋಡು, ಆಗಲೇ ಶುರುವಾಯ್ತು."

ಮಾರುವುದಿಲ್ಲ ಅಂದೆ. ಬಾಷಾ ಸಾಬ್ರಿಗೆ ವಿಷಯ ಹೇಳಿದಾಗ ಅವರು ಸುಲಭದ ದಾರಿ ಹೇಳಿದರು.

"ಅವರು ಬರೋ ದಿನ ನನ್ನ ಲಾಯದಲ್ಲಿ ಕಟ್ಟು. ನೋಡೋಕೆ ಬಂದೋರು ಹುಡುಗಿ ನೋಡ್ತಾರೆ, ಉಪ್ಪಿಟ್ಟು ತಿಂತಾರೆ, ಹೋಗ್ತಾರೆ. ಅವರಿಗೆ ಕುದುರೆ ಯಾಕೆ ಬೇಕು?"

ಅವರ ಮಾತು ಕೇಳಬೇಕಿತ್ತು. ಆದರೆ ನನಗೆ ಇನ್ನೊಂದು ಆಸೆ ಇತ್ತು. ಬೀಗರು ರೈಲಿನಿಂದ ಇಳಿದಾಗ ನನ್ನ ಗಾಡಿ ಎದುರಿಗಿರಬೇಕು. ಹಿತ್ತಾಳೆ ತಿಕ್ಕಿ, ಕುದುರೆಯ ಕುತ್ತಿಗೆಗೆ ಹೊಸ ಗೆಜ್ಜೆ ಕಟ್ಟಿ, ಪೇಟೆ ಬೀದಿಯಲ್ಲಿ ಎಲ್ಲರೂ ನೋಡುವ ಹಾಗೆ ಅವರನ್ನು ಮನೆಗೆ ಕರೆತರಬೇಕು. ಬೇರೆಯವರ ಜಟಕಾದಲ್ಲಿ ಅವರು ಬಂದು ಇಳಿದರೆ ನನ್ನ ಮರ್ಯಾದೆ ಏನಾಗಬೇಕು? ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

"ಹಾಗಾದ್ರೆ ಸುಳಿ ತೆಗೆಸು," ಅಂದ ಮಾವ. "ದನಕ್ಕೆ ಬರೆ ಹಾಕೋನು ಒಬ್ಬನಿದ್ದಾನೆ. ಅಲ್ಲಿ ಒಂದು ಚಿಕ್ಕ ಬರೆ ಎಳೆದ್ರೆ ಸುಳಿ ಸುಟ್ಟು ಹೋಗುತ್ತೆ. ಕೇಳಿದ್ರೆ ಏನೋ ಕಾಯಿಲೆ ಇತ್ತು, ಬರೆ ಹಾಕಿಸಿದ್ವಿ ಅನ್ನು. ಬರೆ ಬಿದ್ದ ದನ, ಕುದುರೆ ಊರ ತುಂಬ ಇಲ್ವಾ?"

ಅದೂ ನಿಜ. ಸೊಂಟ ಹಿಡಿದರೆ ಬರೆ, ಕಾಲು ಕುಂಟಿದರೆ ಬರೆ. ಬರೆ ಇಲ್ಲದ ಎತ್ತನ್ನು ನಮ್ಮ ಕಡೆ ಹುಡುಕಬೇಕು. ನಾನು ಹೂಂ ಅಂದೆ.

ಅವರು ಬರುವುದಕ್ಕೆ ನಾಲ್ಕು ದಿನ ಇತ್ತು. ಮಾವ ಅಮ್ಮನನ್ನೂ ಜಯನನ್ನೂ ಬಳೆ ಹಾಕಿಸಿಕೊಂಡು ಬನ್ನಿ ಅಂತ ಪೇಟೆಗೆ ಕಳಿಸಿದ. ಬರೆ ಹಾಕುವವನು ಹಿತ್ತಿಲಲ್ಲಿ ಕೆಂಡ ಮಾಡಿದ. ಸಣ್ಣ ಕಬ್ಬಿಣದ ಸಲಾಕೆ, ತುದಿಯಲ್ಲಿ ಬಿಲ್ಲೆ. ಮೇಲ್ತುಟಿಗೆ ಹಗ್ಗ ಹಾಕಿ ತಿರುಚೋಣ, ಆಗ ಅಲ್ಲಾಡುವುದಿಲ್ಲ ಅಂದ.

"ಹಗ್ಗ ಬೇಡ," ಅಂದೆ. "ನಾನು ಹಿಡ್ಕೋತೀನಿ. ನನ್ನ ಹತ್ರ ಸುಮ್ಮನಿರುತ್ತೆ."

ಸುಮ್ಮನೇ ಇತ್ತು. ಬಾ ಅಂದೆ, ಬಂತು. ತಲೆ ತಗ್ಗಿಸಿ ಮುಖವನ್ನು ನನ್ನ ಕಂಕುಳಿಗೆ ತುರುಕಿತು. ಬೆಲ್ಲ ಕೊಡುವಾಗ ಹಾಗೇ ಮಾಡುತ್ತಿತ್ತು, ಬೆಲ್ಲ ಅಂದುಕೊಂಡಿರಬೇಕು. ಎಡಗಣ್ಣು ನನ್ನ ಅಂಗಿಗೆ ಒತ್ತಿಕೊಂಡಿತ್ತು, ಬಲಗಣ್ಣು ಮೇಲೆ. ನಾನು ಬಿಗಿಯಾಗಿ ಹಿಡಿದೆ. ಅವನು ಬಿಲ್ಲೆ ಇಟ್ಟ.

ಕುದುರೆ ಕೂಗಲಿಲ್ಲ. ಒಂದೇ ಸಲ ತಲೆ ಎತ್ತಿತು, ನನ್ನನ್ನೂ ಸೇರಿಸಿ ಎತ್ತಿತು. ಬಿಲ್ಲೆ ಜಾರಿ ಮೇಲಕ್ಕೆ ಹೋಯಿತು. ಕಣ್ಣಿನ ರೆಪ್ಪೆಯ ಮೇಲೆ. ನಾನು ಬಿಟ್ಟಿದ್ದರೆ ಅದು ಹಿಂದಕ್ಕೆ ಸರಿದು ತಪ್ಪಿಸಿಕೊಳ್ಳುತ್ತಿತ್ತು. ಬಿಡಲಿಲ್ಲ. ಹೆದರಿ ಇನ್ನೂ ಬಿಗಿ ಹಿಡಿದೆ.

"ಬಿಡೋ ಮಾರಾಯ, ಬಿಡು," ಅಂತ ಅವನೇ ಕೂಗಿದ ಮೇಲೆ ಬಿಟ್ಟೆ.

ಮಾವ ಗಾಯದ ಮೇಲೆ ಅರಿಶಿನ, ಎಣ್ಣೆ ಮೆತ್ತಿದ. "ರೆಪ್ಪೆಗೆ ತಾಗಿದೆ ಅಷ್ಟೆ. ಕಣ್ಣಿಗೇನೂ ಆಗಿಲ್ಲ," ಅಂದ. ನನಗೂ ಅದನ್ನೇ ಕೇಳಬೇಕಿತ್ತು.

ಸಂಜೆ ಹೊತ್ತಿಗೆ ಜಯ ಹಸಿರು ಬಳೆ ತೊಟ್ಟು, ಹುರುಳಿ ಬುಟ್ಟಿ ಹಿಡಿದು ಲಾಯಕ್ಕೆ ಹೋದಳು. ಬುಟ್ಟಿ ಹಾಗೇ ವಾಪಸು ತಂದಳು.

"ಅಣ್ಣ, ಇವಳಿಗೆ ಏನಾಯ್ತು?"

"ಮುಳ್ಳು ಗೀರಿದೆ. ಬೇಲಿ ಹತ್ರ."

"ಮುಳ್ಳು ಗುಂಡಗೆ ಗೀರುತ್ತಾ?"

ಅವಳು ಮಾವನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಹಿತ್ತಿಲಿಗೆ ಹೋಗಿ ಬೂದಿ ನೋಡಿ ಬಂದಳು. ಆಮೇಲೆ ಒದ್ದೆ ಬಟ್ಟೆ ತಗೊಂಡು ಹೋಗಿ ಲಾಯದಲ್ಲಿ ಕೂತಳು.

ಮಾರನೇ ದಿನ ಕಣ್ಣು ಮುಚ್ಚಿಕೊಂಡಿತ್ತು, ನೀರು ಸುರಿಯುತ್ತಿತ್ತು. ದನದ ಡಾಕ್ಟರ ಹತ್ತಿರ ಹೋಗು ಅಂತ ಬಾಷಾ ಸಾಬ್ರು ಎರಡು ಸಲ ಹೇಳಿದರು. ಡಾಕ್ಟರು ಕಾರಣ ಕೇಳುತ್ತಾರೆ, ಬಯ್ಯುತ್ತಾರೆ, ಪೇಟೆಯಲ್ಲಿ ಸುದ್ದಿಯಾಗುತ್ತದೆ, ಬೀಗರ ಕಿವಿಗೆ ಬೀಳುತ್ತದೆ. ಇವರು ಬಂದು ಹೋಗಲಿ, ಆಮೇಲೆ ಕರೆದುಕೊಂಡು ಹೋದರಾಯಿತು ಅಂದುಕೊಂಡೆ. ದಿನಾ ಬೆಳಗ್ಗೆ ಎದ್ದು ಇದನ್ನೇ ಅಂದುಕೊಂಡೆ.

ನಾಲ್ಕನೇ ದಿನ ಗಾಡಿ ಕಟ್ಟಿದೆ. ಜಟಕಾ ಕುದುರೆಯ ಕಣ್ಣಿನ ಪಕ್ಕಕ್ಕೆ ತೊಗಲಿನ ಪಟ್ಟಿ ಕಟ್ಟುತ್ತೇವೆ, ಅಕ್ಕಪಕ್ಕ ನೋಡಿ ಬೆದರದ ಹಾಗೆ. ಗಾಯ ಕಾಣಬಾರದು ಅಂತ ಅವತ್ತು ಆ ಪಟ್ಟಿಯನ್ನು ಎರಡು ತೂತು ಕೆಳಗೆ ಇಳಿಸಿ ಬಿಗಿದೆ. ಗಾಯ ಪೂರ್ತಿ ಮುಚ್ಚಿಹೋಯಿತು. ಸುಳಿ ಇದ್ದ ಜಾಗವೂ ಮುಚ್ಚಿತು. ಸುಡದೆ ಬರೀ ಪಟ್ಟಿ ಇಳಿಸಿದ್ದರೂ ಸುಳಿ ಕಾಣುತ್ತಿರಲಿಲ್ಲ. ಎರಡು ವರ್ಷ ದಿನಾ ಆ ಪಟ್ಟಿ ಕಟ್ಟಿದ ಕೈ ಇದು. ಕೊಕ್ಕೆ ಹಿಡಿದುಕೊಂಡು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಸ್ಟೇಷನ್ನಿನಲ್ಲಿ ರಂಗಪ್ಪನವರು ಇಳಿದವರೇ ನೆಟ್ಟಗೆ ಕುದುರೆ ಹತ್ತಿರ ಬಂದರು. ದಪ್ಪ ಮೀಸೆಯ, ಗಿಡ್ಡ ಮನುಷ್ಯ. ಜೂಲಿನ ಕೆಳಗೆ ಕೈ ಹಾಕಿ ಕುತ್ತಿಗೆ ಸವರಿದರು. ಸುತ್ತ ಒಂದು ಸಲ ಬಂದರು.

"ಪಟ್ಟಿ ಕೆಳಗಾಯ್ತಲ್ಲಪ್ಪ," ಅಂದರು.

"ಬಿಸಿಲು ಬಡಿಯುತ್ತೆ ಅಂತ."

"ಹೂಂ," ಅಂದು ಗಾಡಿ ಹತ್ತಿದರು.

ಪೇಟೆ ಬೀದಿಯಲ್ಲಿ ಗೆಜ್ಜೆ ಕಟ್ಟಿದ ಗಾಡಿ ಹೋಯಿತು. ಜನ ನೋಡಿದರು. ನನಗೆ ಬೇಕಾಗಿದ್ದು ಸಿಕ್ಕಿತು. ಮನೆಯಲ್ಲಿ ಜಯ ತಟ್ಟೆ ಹಿಡಿದು ಬಂದಾಗ ಅವಳ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಒಲೆ ಹೊಗೆ ಅಂದಳು ಅಮ್ಮ. ರಂಗಪ್ಪನವರು ಅವಳನ್ನು ಒಂದೇ ಮಾತು ಕೇಳಿದರು: "ಕುದುರೆಗೆ ಹುರುಳಿ ಹಾಕೋದು ಯಾರಮ್ಮ?" ಅವಳು, "ನಾನೇ," ಅಂದಳು. ಒಪ್ಪಿಗೆ ಆಯಿತು ಅಂತ ಹೇಳಿ ಎದ್ದರು.

ಅವರನ್ನು ರೈಲು ಹತ್ತಿಸಿ ಅಲ್ಲಿಂದಲೇ ಡಾಕ್ಟರ ಹತ್ತಿರ ಹೋದೆ. ಅವರು ರೆಪ್ಪೆ ಬಿಡಿಸಿದರು. ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

"ಯಾವತ್ತು ಆಗಿದ್ದು?"

"ನಾಲ್ಕು ದಿನ."

"ಅವತ್ತೇ ಯಾಕೆ ತರಲಿಲ್ಲ?"

ಅವರು ಬಯ್ಯಲಿಲ್ಲ. ಬೈಸಿಕೊಳ್ಳಲು ಸಿದ್ಧವಾಗಿ ಹೋಗಿದ್ದೆ. ಔಷಧಿ ಕೊಟ್ಟು, "ಗಾಯ ಒಣಗುತ್ತೆ, ಕಣ್ಣು ಬರಲ್ಲ," ಅಂದು ಕೈ ತೊಳೆದುಕೊಂಡರು.

ಮದುವೆ ಆಯಿತು. ಜಯ ಗಂಡನ ಮನೆಗೆ ಹೋಗುವಾಗ ನನ್ನ ಗಾಡಿ ಹತ್ತಲಿಲ್ಲ. ಸ್ಟೇಷನ್ ತನಕ ಮಣ್ಣು ಬೀದಿಯಲ್ಲಿ ಹೊಸ ಸೀರೆ ಉಟ್ಟು ನಡೆದೇ ಹೋದಳು. ಯಾಕೆ ಅಂತ ಕೇಳಿದವರಿಗೆ, "ಇವಳು ಸುಸ್ತಾಗಿದ್ದಾಳೆ," ಅಂತ ಕುದುರೆಯನ್ನು ತೋರಿಸಿದಳು. ಜನ ನಕ್ಕರು. ನಾನು ಖಾಲಿ ಗಾಡಿ ಹೊಡೆದುಕೊಂಡು ಹಿಂದೆ ಹೋದೆ.

ಮಳೆಗಾಲ ಕೆಟ್ಟದಾಗಿತ್ತು. ಬಲಗಡೆಯಿಂದ ಬಸ್ಸು ಬಂದರೆ ಕೆಂಪಿಗೆ ಸದ್ದು ಕೇಳುತ್ತದೆ, ಬಸ್ಸು ಕಾಣುವುದಿಲ್ಲ. ಬೆದರಿ ಎಡಕ್ಕೆ ಎಳೆದು ಗಾಡಿಯನ್ನು ಚರಂಡಿಗೆ ಇಳಿಸುತ್ತಿತ್ತು. ಒಂದು ಸಲ ಬಸುರಿ ಹೆಂಗಸೊಬ್ಬರು ಬೀಳುವವರಿದ್ದರು. ಆಮೇಲೆ ಜನ ಹತ್ತುವುದು ಬಿಟ್ಟರು. ಇಟ್ಟಿಗೆ, ಸುಣ್ಣದ ಚೀಲ ಹೇರಿದೆ. ನಾನು ಹತ್ತಿರ ಹೋದರೆ ಕಿವಿ ಹಿಂದಕ್ಕೆ ಹಾಕುತ್ತಿತ್ತು. ಹೊಳೆಯಲ್ಲಿ ದಡ ಹತ್ತಿ ಬೆನ್ನು ತಿರುಗಿಸಿದರೆ ಬರುತ್ತಿರಲಿಲ್ಲ. ನೀರಿಗೆ ಇಳಿದು ಹಗ್ಗ ಹಿಡಿದು ಎಳೆದು ತರಬೇಕಾಗುತ್ತಿತ್ತು. ಹೊಡೆಯಲಿಲ್ಲ ನಾನು. ಹೊಡೆಯುವ ಮುಖ ಇರಲಿಲ್ಲ.

ಗೌರಿ ಹಬ್ಬಕ್ಕೆ ತಂಗಿಯನ್ನು ತವರಿಗೆ ಕರೆತರಲು ಭದ್ರಾವತಿಗೆ ಹೊರಟೆ. ಗಾಡಿಯಲ್ಲೇ ಹೋದೆ, ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಸೇರಬಹುದು. ಅವರ ಮನೆ ಮುಂದೆ ನಿಲ್ಲಿಸುವಷ್ಟರಲ್ಲಿ ಜಯ ಓಡಿ ಬಂದಳು. ನನ್ನ ಹತ್ತಿರ ಅಲ್ಲ. ಕುದುರೆಯ ಪಟ್ಟಿ ಎತ್ತಿ ನೋಡಿದಳು. ರಂಗಪ್ಪನವರು ಒಳಗಿದ್ದರು. ಜಯ ಮೆಲ್ಲಗೆ ಹೇಳಿದಳು:

"ಕುದುರೆ ಒಂದು ಕಣ್ಣು ಹೋಗಿದೆ ಅಂತ ಯಾರೋ ಇಲ್ಲಿ ಬಂದು ಹೇಳಿದ್ದಾರೆ. ನಮ್ಮ ಮಾವನೋರು ನನ್ನ ಕೇಳಿದ್ರು. ಮುಳ್ಳು ಗೀರಿದ್ದು ಅಂದೆ. ನಿನ್ನ ಸುಳ್ಳು ನಾನು ಹೇಳ್ಬೇಕಾಯ್ತು ಅಣ್ಣ. ಇನ್ನು ಬದುಕಿರೋ ತನಕ ಈ ಮನೇಲಿ ಅದನ್ನೇ ಹೇಳ್ತಾ ಇರ್ಬೇಕು."

ಅಷ್ಟು ಹೊತ್ತಿಗೆ ರಂಗಪ್ಪನವರು ಹೊರಗೆ ಬಂದರು. ಕಡಿವಾಣ ಬಿಚ್ಚಿ, ಪಟ್ಟಿ ತೆಗೆದು, ಕಣ್ಣಿನ ಕೆಳಗಿನ ಬೋಳು ಗುರುತಿನ ಮೇಲೆ ಹೆಬ್ಬೆರಳು ಇಟ್ಟರು. ಸರಿಯಾಗಿ ಹೆಬ್ಬೆರಳಿನಷ್ಟೇ ಇತ್ತು.

"ಇದು ಹೇಗಾಯ್ತು?" ಅಂದರು.

ಜಯ ಬಾಯಿ ತೆರೆದಳು. "ಮುಳ್ಳು ಮಾವ, ಆವತ್ತೇ ಹೇಳಿದ್ನಲ್ಲ..."

ನಿಜ ಹೇಳಿದರೆ ರಂಗಪ್ಪನವರು ಅವಳನ್ನು ಈಗಲೇ ನನ್ನ ಗಾಡಿ ಹತ್ತಿಸಿ, ಹಬ್ಬ ಮುಗಿದ ಮೇಲೂ ಬರಬೇಡ ಅನ್ನಬಹುದು. ಹೇಳದಿದ್ದರೆ ಅವಳ ಬಾಯಲ್ಲಿ ನನ್ನ ಸುಳ್ಳು ಇನ್ನೊಂದು ಸಲ. ನನಗೆ ಲೆಕ್ಕ ಹಾಕಿ ಮಾತಾಡಲು ಬರುವುದಿಲ್ಲ.

"ಮುಳ್ಳಲ್ಲ," ಅಂದೆ. "ಕಣ್ಣೀರು ಸುಳಿ ಇತ್ತು. ನೀವು ನೋಡ್ತೀರಿ ಅಂತ ಬರೆ ಹಾಕಿಸಿದೆ. ಮುಖ ಹಿಡ್ಕೊಂಡಿದ್ದೋನು ನಾನೇ. ಜಾರಿ ಕಣ್ಣಿಗೆ ಬಿತ್ತು. ಇವಳಿಗೆ ಗೊತ್ತಿರ್ಲಿಲ್ಲ, ಇವಳನ್ನ ಪೇಟೆಗೆ ಕಳಿಸಿದ್ವಿ."

ಅವರು ಹೆಬ್ಬೆರಳು ತೆಗೆಯಲಿಲ್ಲ.

"ಗೊತ್ತು," ಅಂದರು.

"ಏನು ಗೊತ್ತು?"

"ಸ್ಟೇಷನ್ ಹತ್ರಾನೇ ಗೊತ್ತಾಯ್ತು. ಪಟ್ಟಿ ಕೆಳಗಿಂದ ಅರಿಶಿನದ ನೀರು ಇಳೀತಾ ಇತ್ತು. ಹನ್ನೆರಡು ವರ್ಷ ಕುದುರೆ ಮೈ ಉಜ್ಜಿದೀನಪ್ಪ ನಾನು. ವಾಸನೆ ಬರಲ್ವಾ?"

"ಮತ್ತೆ ಯಾಕೆ ಒಪ್ಪಿಕೊಂಡ್ರಿ?"

"ವಾಪಸ್ ರೈಲಿಗೇ ಹೋಗೋಣ ಅಂತಿದ್ದೆ. ಸುಳಿಗಲ್ಲ. ಬಾಯಿಲ್ಲದ ಪ್ರಾಣೀನ ಹೀಗೆ ಮಾಡೋ ಮನೆ ಸಹವಾಸ ಬೇಡ ಅಂತ. ಬಂದು ಕೂತ ಮೇಲೆ ಈ ಹುಡುಗಿ ಕಣ್ಣು ನೋಡಿದೆ. ಎರಡು ಮೂರು ದಿನ ಅತ್ತ ಕಣ್ಣು ಅದು. ಆ ಮನೇಲಿ ಇವಳೊಬ್ಬಳಾದ್ರೂ ಅತ್ತಿದ್ದಾಳೆ ಅಂತ ಕರ್ಕೊಂಡು ಬಂದೆ."

ಜಯ ಕುದುರೆಯ ಆ ಕಡೆ ನಿಂತಿದ್ದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

"ನಿಮ್ಮನೆ ಹೆಣ್ಣು ತಂದಿದ್ದು ಸರಿ," ಅಂದರು ರಂಗಪ್ಪನವರು, ಮೀಸೆ ಒರೆಸಿಕೊಳ್ಳುತ್ತಾ. "ನಿನಗೆ ಹೆಣ್ಣು ಕೊಡಿ ಅಂತ ಮಾತ್ರ ನಾನು ಯಾರಿಗೂ ಹೇಳಲ್ಲ. ಬಾ, ಊಟ ಮಾಡು."

ಊಟ ಬಡಿಸಿದರು. ಸಾರು ಏನಿತ್ತೋ ನೆನಪಿಲ್ಲ. ಕೈ ತೊಳೆಯುವಾಗ ಹೇಳಿದರು: "ಹಬ್ಬ ಮುಗಿಸಿ ಇವಳನ್ನ ಬಿಡೋಕೆ ಬರ್ತೀಯಲ್ಲ. ಕುದುರೆನೂ ಇಲ್ಲೇ ಬಿಟ್ಟು ಹೋಗು. ಹಿಂದೆ ಜಾಗ ಇದೆ."

ಹೂಂ ಅಂದೆ. ಅದರ ಮೇಲೆ ಚೌಕಾಸಿ ಮಾಡುವುದೇನೂ ಇರಲಿಲ್ಲ.

ಶಿವಮೊಗ್ಗಕ್ಕೆ ವಾಪಸು ಬರುವಾಗ ಜಯ ಗಾಡಿ ಹತ್ತಿದಳು. ಹಿಂದೆ ಕೂರಲಿಲ್ಲ, ಮುಂದೆ, ನನ್ನ ಬಲಕ್ಕೆ ಕೂತಳು. ದಾರಿಯುದ್ದಕ್ಕೂ ಮಾತಾಡಿದಳು, ನನ್ನ ಜೊತೆಯಲ್ಲ. "ಬಸ್ಸು ಬರ್ತಿದೆ ಕಣೇ, ಅದರ ಪಾಡಿಗೆ ಅದು ಹೋಗುತ್ತೆ. ಎತ್ತಿನ ಗಾಡಿ, ಏನಿಲ್ಲ. ಇನ್ನೊಂದು ಬಸ್ಸು, ದೊಡ್ಡದು, ಹೆದರಬೇಡ." ಕೆಂಪಿ ಒಂದು ಕಿವಿಯನ್ನು ಅವಳ ಕಡೆ ತಿರುಗಿಸಿಕೊಂಡು ನಡೆಯಿತು. ಒಂದು ಸಲವೂ ಎಡಕ್ಕೆ ಎಳೆಯಲಿಲ್ಲ. ಬಸ್ಸು ಬರುತ್ತಿದೆ ಅಂತ ಹೇಳಿದ್ದರೆ ಸಾಕಿತ್ತು. ಮಳೆಗಾಲ ಪೂರ್ತಿ ನಾನು ಲಗಾಮು ಜಗ್ಗಿ ಜಗ್ಗಿ ಅದರ ಬಾಯಿ ಹರಿದಿದ್ದೆ.

ಹಬ್ಬ ಮುಗಿದ ಮೇಲೆ ಇಬ್ಬರನ್ನೂ ಭದ್ರಾವತಿಯಲ್ಲಿ ಬಿಟ್ಟೆ. ಗಾಡಿಯನ್ನು ಬಾಷಾ ಸಾಬ್ರ ನೆಂಟರು ತಗೊಂಡರು. ನಾನು ಸೌದೆ ಲಾರಿಯಲ್ಲಿ ಕ್ಲೀನರಾದೆ. ರಂಗಪ್ಪನವರು ಹೇಳಿದ ಹಾಗೇ ಮಾಡಿದರು, ನನಗಾಗಿ ಯಾರ ಮನೆ ಬಾಗಿಲೂ ತಟ್ಟಲಿಲ್ಲ. ಅವರ ಮೇಲೆ ಕೋಪ ಇಲ್ಲ.

ಈಗ ಕೆಂಪಿಗೆ ಕೆಲಸ ಇಲ್ಲ. ಜಯನ ಮಗ ಅದರ ಬಾಲ ಹಿಡಿದು ಆಡುತ್ತಾನೆ. ಹೋದ ಭಾನುವಾರ ಹೊಗೆಯ ವಾಸನೆ ಅಂಗಿಗೆ ಹತ್ತಿಕೊಂಡಿತ್ತು, ಲಾಯಕ್ಕೆ ಹೋಗುವ ಮೊದಲು ತೊಟ್ಟಿ ನೀರಲ್ಲಿ ಮುಖ, ಕೈ ತಿಕ್ಕಿ ತೊಳೆದೆ. ಆಮೇಲೆ ಬಲಗಡೆಯಿಂದ ಹೊರಟೆ. ಯಾವಾಗಲೂ ಆ ಕಡೆಯಿಂದಲೇ ಹೋಗುವುದು ನಾನು. ಅದಕ್ಕೆ ನಾನು ಕಾಣುವುದಿಲ್ಲ. ಸ್ವಲ್ಪ ಹೊತ್ತು ನೋಡಿಕೊಂಡು ನಿಂತು ಬರಬಹುದು.

ಜಯ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಎಡಗಡೆಯಿಂದ ಹೋಗು ಅಣ್ಣ. ಬಂದಿರೋದು ನೀನು ಅಂತ ಅವಳು ನೋಡ್ಲಿ."

ಸುತ್ತು ಹಾಕಿ ಎಡಗಡೆಗೆ ಹೋದೆ. ಕೆಂಪಿ ನೋಡಿತು. ಅಗಿಯುವುದು ನಿಂತಿತು, ಕಿವಿ ಹಿಂದಕ್ಕೆ ಹೋಯಿತು. ಎರಡು ಮಾರು ದೂರದಲ್ಲಿ ನಿಂತೆ. ಅಲ್ಲಿಂದ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಜಯ ಊಟಕ್ಕೆ ಕರೆಯುವ ತನಕ ಅದು ನನ್ನನ್ನು ನೋಡುತ್ತಲೇ ಇತ್ತು.